ಬಾಡಿಗೆಯ ಬಿಡಾರ ಕಟ್ಟುವ ಮೊದಲು

ನಮ್ಮ ನೆಕ್ರಾಜೆ, ಚೆಂಗಳ, ಬದಿಯಡ್ಕ ಕಡೆಯ ಕೃಷಿಕರ ಮನೆಗಳಲ್ಲಿ ಈಗ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಅಡಕೆಗೆ ಮಹಾಳಿ, ಕಂಗಿಗೆ ಹಳದಿ ಎಲೆರೋಗ, ಅದರ ಮೇಲೆ ಎಲೆಚುಕ್ಕಿ, ಸಾಲದುದಕ್ಕೆ ಮರ ಹತ್ತುವವರ ಅಭಾವ. ಇವುಗಳಿಂದ ಬೇಸತ್ತವರು, “ರಸ್ತೆಯ ಬದಿಯಲ್ಲಿ ಹತ್ತು ಸೆಂಟ್ಸು ಜಾಗ ತೆಗೆದು ಎರಡು ಬಿಡಾರ ಕಟ್ಟಿದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದಲ್ಲ!” ಎನ್ನುತ್ತಾರೆ. ಈ ಆಲೋಚನೆ ತಪ್ಪಲ್ಲ. ಆದರೆ ಗಲ್ಫಿನಲ್ಲಿ ದುಡಿಯುವ ಮಗನು ಕಳುಹಿಸಿದ ಹಣವಾಗಲಿ, ನಿವೃತ್ತಿಯಲ್ಲಿ ಕೈಗೆ ಬಂದ ಗಂಟಾಗಲಿ ಹೆಚ್ಚಿನ ಮನೆಗಳಲ್ಲಿ ಜನ್ಮಕ್ಕೊಮ್ಮೆ ಕೂಡಿಬರುವಂಥದು. ಅದು ಒಮ್ಮೆ ಕಲ್ಲು ಸಿಮೆಂಟಿನಲ್ಲಿ ಸೇರಿತೆಂದರೆ ಬೇಕಾದಾಗ ಹಿಂದಕ್ಕೆ ಬಾರದು.

ಆದುದರಿಂದ ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಜಾಗದ ಕ್ರಯ ಏರೀತೆಂಬ ಆಸೆಯನ್ನು ಬದಿಗಿಟ್ಟು, ಬಾಡಿಗೆಯ ಉತ್ಪತ್ತಿಯೊಂದರಿಂದಲೇ ಬಿಡಾರವು ತನ್ನ ಖರ್ಚನ್ನು ತೂಗಬೇಕು. ಹಾಗೆ ತೂಗಬೇಕಾದರೆ ಲೆಕ್ಕ, ನೀರು, ದಾಖಲೆ ಈ ಮೂರೂ ಪಂಚಾಂಗ ತೋಡುವ ಮೊದಲೇ ಸರಿಯಾಗಿರತಕ್ಕದ್ದು.

ಮೊದಲು ಲೆಕ್ಕ

ಶಾಲೆಯಲ್ಲಿ ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸುವ ರೀತಿಯಲ್ಲೇ ಇದನ್ನೂ ಮಾಡಿ ನೋಡೋಣ. ಅಂಕಿಗಳು ರೀತಿಯನ್ನು ತಿಳಿಯುವುದಕ್ಕಾಗಿ ಮಾತ್ರ. ನಿಮ್ಮ ಊರಿನ ದರವನ್ನು ನೀವೇ ಹಾಕಿಕೊಳ್ಳಿರಿ.

ಸ್ವಂತ ಜಾಗದಲ್ಲಿ 500 ಚದರಡಿಯ ಎರಡು ಬಿಡಾರ, ಒಟ್ಟು 1,000 ಚದರಡಿ. ಚದರಡಿಗೆ 2,000 ರೂಪಾಯಿಯಂತೆ ಖರ್ಚು 20 ಲಕ್ಷ. ಒಂದೊಂದಕ್ಕೆ ತಿಂಗಳಿಗೆ 5,500 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ 1,32,000. ವರ್ಷದಲ್ಲಿ ಒಂದು ತಿಂಗಳು ಎರಡೂ ಖಾಲಿ ಬಿದ್ದವೆನ್ನಿ, 11,000 ಕಳೆಯಿತು. ಸುಣ್ಣ ಬಣ್ಣ, ಪಂಪು, ಮಳೆಗಾಲದ ಸೋರಿಕೆ, ಪಂಚಾಯತು ತೆರಿಗೆ ಇವಕ್ಕೆ 21,000. ಉಳಿದದ್ದು ಒಂದು ಲಕ್ಷ, ಎಂದರೆ ನೂರಕ್ಕೆ ಐದು. ಈಗ ಖರ್ಚಿನ ಅರ್ಧವನ್ನು, 10 ಲಕ್ಷವನ್ನು, ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಸಾಲ ತೆಗೆದಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 90,000. ಅಸಲಿನ ಕಂತನ್ನು ತೋಟದಿಂದಲೇ ಕಟ್ಟಬೇಕಾಗುತ್ತದೆ. ತೋಟದ ಬೇಸರಕ್ಕೆ ಬಿಡಾರ ಕಟ್ಟಿದವನು ಬಿಡಾರದ ಸಾಲಕ್ಕಾಗಿ ತೋಟವನ್ನು ಇನ್ನಷ್ಟು ಹಿಂಡುವಂತಾಗುವುದು ಹೀಗೆ.

ಜಾಗವನ್ನು ಕ್ರಯಕ್ಕೆ ತೆಗೆಯುವವರ ಲೆಕ್ಕ ಇನ್ನೂ ಬಿಗಿ. ಕೇರಳದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2. ಐದು ಲಕ್ಷದ ಜಾಗಕ್ಕೆ ಇವೆರಡೇ ಐವತ್ತು ಸಾವಿರವಾಯಿತು. ಬರೆಹದ ಖರ್ಚು ಬೇರೆ.

ಬಾಡಿಗೆಗೆ ಯಾರು ಬರುತ್ತಾರೆಂಬುದನ್ನೂ ಕಣ್ಣಾರೆ ನೋಡಿಯೇ ನಿರ್ಧರಿಸಬೇಕು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರಿನಲ್ಲಿ ಅಡಿಗಲ್ಲು ಬಿದ್ದಿತು. 2020ರ ಎಪ್ರಿಲಿನಲ್ಲಿ ಕೊರೊನಾ ರೋಗಿಗಳಿಗೋಸ್ಕರ ಅಲ್ಲಿ ಆಸ್ಪತ್ರೆ ತೆರೆದರು. ವಿದ್ಯಾರ್ಥಿಗಳು ಬರುವುದಕ್ಕೆ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅಡಿಗಲ್ಲು ನೋಡಿ ಬಾಡಿಗೆ ಎಣಿಸಕೂಡದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಇಂದು ಬಸ್ಸು ನಿಲ್ಲುವ ಜಾಗ, ಇಂದು ನಡೆಯುವ ಶಾಲೆ, ಇಂದು ಬಿಡಾರ ಹುಡುಕುವ ಜನ ಇವೇ ಪ್ರಮಾಣ.

ನೀರು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಸುರಿಯುತ್ತದೆ. ಆದರೂ ಎಪ್ರಿಲ್–ಮೇ ತಿಂಗಳಲ್ಲಿ ಗುಡ್ಡೆಯ ಮೇಲಿನ ಮನೆಗಳಲ್ಲಿ ಕೊಡ ಹಿಡಿದು ನಿಲ್ಲುವುದು ತಪ್ಪಿಲ್ಲ. ಸುರಂಗ ತೋಡಿ ಹನಿ ಹನಿಯಾಗಿ ನೀರು ಕೂಡಿಸಿದ ಹಿರಿಯರ ಊರು ಇದು. ಬಾಡಿಗೆಯವನು ಎಲ್ಲವನ್ನೂ ಸಹಿಸಿಯಾನು, ನೀರಿಲ್ಲದಿದ್ದರೆ ಮಾತ್ರ ಮರುದಿನವೇ ಗಂಟು ಕಟ್ಟುತ್ತಾನೆ. ಆದಕಾರಣ ಜಾಗವನ್ನು ಮಳೆಗಾಲದಲ್ಲಿ ನೋಡಿ ಒಪ್ಪಬೇಡಿರಿ. ಮೇ ತಿಂಗಳ ಕೊನೆಯ ವಾರ ಬಾವಿಯಲ್ಲಿ ಎಷ್ಟು ನೀರಿದೆಯೆಂದು ನೋಡಿರಿ, ನೆರೆಕರೆಯವರನ್ನು ಕೇಳಿರಿ.

ಐದೈದು ಮಂದಿಯ ಎರಡು ಸಂಸಾರಕ್ಕೆ, ತಲೆಗೆ 100 ಲೀಟರಿನಂತೆ, ದಿನಕ್ಕೆ ಸಾವಿರ ಲೀಟರು ಬೇಕು. ಬೇಸಗೆಯ ತೊಂಬತ್ತು ದಿನಕ್ಕೆ 90,000 ಲೀಟರು. 1,000 ಚದರಡಿ ಮಾಡಿನ ಮೇಲೆ ವರ್ಷದಲ್ಲಿ ಬೀಳುವ ಮಳೆನೀರು ಮೂರು ಲಕ್ಷ ಲೀಟರಿಗೂ ಹೆಚ್ಚು. ಅಷ್ಟನ್ನೂ ಟಾಂಕಿಯಲ್ಲಿ ಹಿಡಿದಿಡಲಾಗದು. ಆದರೆ ಮರಳು ಇದ್ದಲುಗಳ ಸೋಸುಗುಂಡಿಯ ಮೂಲಕ ಬಾವಿಗೆ ಬಿಟ್ಟರೆ ಬೇಸಗೆಯಲ್ಲಿ ಅದರ ಗುಣ ಕಾಣುವುದುಂಟು. ಪಾಯಿಖಾನೆಯ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರು, ಅಂದರೆ ಸುಮಾರು 25 ಅಡಿಯಾದರೂ ದೂರವಿರಬೇಕು. ಹತ್ತು ಸೆಂಟ್ಸಿನಲ್ಲಿ ಬಾವಿ, ಗುಂಡಿ, ಎರಡು ಬಿಡಾರ ಇವೆಲ್ಲಾ ಹಿಡಿಸುತ್ತವೆಯೋ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿಯೇ ಮುಂಗಡ ಕೊಡತಕ್ಕದ್ದು. ಗುಡ್ಡೆಯನ್ನು ನೆಟ್ಟಗೆ ಕಡಿದು ಮಾಡಿದ ತಟ್ಟಾದರೆ, ಆಟಿಯ ಮಳೆಗೆ ಬರೆ ಜರಿದು ಗೋಡೆಯ ಮೇಲೆ ಬೀಳುವ ಭಯವಿದೆ. ಅಂಥಲ್ಲಿ ಕಟ್ಟೆ ಕಟ್ಟಿಸುವ ಖರ್ಚನ್ನೂ ಜಾಗದ ಕ್ರಯಕ್ಕೆ ಸೇರಿಸಿ ಎಣಿಸಬೇಕು.

ದಾಖಲೆ

ಇದು ಗಡಿಯಾಚೆಯ ಕನ್ನಡಿಗರಾದ ನಮಗೆ ವಿಶೇಷವಾಗಿ ಕಷ್ಟ ಕೊಡುವ ವಿಷಯ. ಆಧಾರಪತ್ರಗಳು ಹೆಚ್ಚಾಗಿ ಮಲೆಯಾಳದಲ್ಲಿರುತ್ತವೆ. ಮಾತನಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಅನೇಕರು. ಓದಲಾರದ ಕಾಗದಕ್ಕೆ ರುಜು ಹಾಕಕೂಡದು. ಬರೆದವರಲ್ಲದ, ಎರಡೂ ಭಾಷೆ ಬಲ್ಲ, ನಂಬಿಕೆಯ ಇನ್ನೊಬ್ಬರಿಂದ ಪ್ರತಿಯೊಂದು ಸಾಲನ್ನೂ ಓದಿಸಿ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿರಿ. ಚತುಃಸೀಮೆ, ಸರ್ವೆ ನಂಬರು, ವಿಸ್ತೀರ್ಣ, ದಾರಿಯ ಹಕ್ಕು ಈ ನಾಲ್ಕನ್ನು ಬೇರೆ ಕಾಗದದಲ್ಲಿ ಕನ್ನಡದಲ್ಲಿ ಬರೆದಿಟ್ಟು ತಾಳೆ ನೋಡಿರಿ. ವಿಸ್ತೀರ್ಣವನ್ನು ಆರ್‌ಗಳಲ್ಲಿ ಬರೆಯುತ್ತಾರೆ. ಒಂದು ಆರ್ ಎಂದರೆ 2.47 ಸೆಂಟ್ಸು.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮೂವತ್ತು ವರ್ಷದ ಋಣಭಾರ ಪತ್ರ, ವಿಲೇಜ್ ಆಫೀಸಿನಿಂದ ತೀರ್ವೆ ರಶೀದಿ ಹಾಗೂ ಕೈವಶದ ಸರ್ಟಿಫಿಕೇಟು, ಮಾರುವವನ ಕೈಯಲ್ಲಿರುವ ಹಿಂದಿನ ಆಧಾರಗಳು ಇವು ಮೊದಲ ಕಂತು. ಮಂಜೇಶ್ವರ ತಾಲೂಕಿನ ಉಜಾರುಳುವಾರು ಗ್ರಾಮದಲ್ಲಿ 2024ರ ಅಕ್ಟೋಬರಿನಲ್ಲಿ ‘ಎಂಟೆ ಭೂಮಿ’ ಎಂಬ ಏರ್ಪಾಡು ಮೊತ್ತಮೊದಲಾಗಿ ಜಾರಿಗೆ ಬಂದಿತು. ಸರ್ವೆ, ಕಂದಾಯ, ನೋಂದಣಿ ಮೂರರ ದಾಖಲೆಗಳನ್ನೂ ಅದರಲ್ಲಿ ಒಂದುಗೂಡಿಸಲಾಗಿದೆ. ಹೊಸ ಅಳತೆ ಮುಗಿದ ಗ್ರಾಮದಲ್ಲಿ ಹಳೆಯ ಆಧಾರದ ವಿಸ್ತೀರ್ಣವೂ ಹೊಸತೂ ಒಂದೇ ಆಗಿವೆಯೇ ಎಂದು ನೋಡುವುದು ಅವಶ್ಯ.

ಅಳಿಯಸಂತಾನದ ಕುಟುಂಬದ ಜಾಗವಾದರೆ ಮತ್ತೊಂದು ಎಚ್ಚರ ಬೇಕು. 1975ರ ಕಾಯಿದೆಯ ಪ್ರಕಾರ 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾಗಿ, ಅಂದು ಬದುಕಿದ್ದ ಒಬ್ಬೊಬ್ಬರಿಗೂ ಪಾಲು ಬಿದ್ದಿದೆ. ಹಿರಿಯನೊಬ್ಬನ ರುಜು ಸಾಲದು. ಬೊಂಬಾಯಿಗೆ ಹೋದವರೂ ಮದುವೆಯಾಗಿ ಹೋದವರೂ ಪಾಲುದಾರರೇ. ದರ್ಖಾಸ್ತಿನಲ್ಲಿ ಸಿಕ್ಕಿದ ಜಾಗವಾದರೆ ಪಟ್ಟೆಯ ಶರತ್ತುಗಳನ್ನು ಓದಿಸದೆ ಮಾತು ಕೊಡಬೇಡಿರಿ.

ಗದ್ದೆಯೆಂದು ದಾಖಲಾದ ಜಾಗ ಅಗ್ಗಕ್ಕೆ ಸಿಗುತ್ತದೆಂದು ಬೈಲಿಗೆ ಇಳಿಯುವವರು 2008ರ ಗದ್ದೆ ಮತ್ತು ಜವುಗು ಪ್ರದೇಶ ಸಂರಕ್ಷಣಾ ಕಾಯಿದೆಯನ್ನು ತಿಳಿದಿರಬೇಕು. ಪಂಚಾಯತಿನಲ್ಲಿ ಹತ್ತು ಸೆಂಟ್ಸಿನ ವರೆಗೆ ಮನೆಗಾಗಿ ಗದ್ದೆ ತುಂಬಿಸಲು ಸಮಿತಿಯ ಮೂಲಕ ಅನುಮತಿ ದೊರೆಯುವುದು ಮಾಲಿಕನ ಸ್ವಂತ ವಾಸಕ್ಕೆ ಮಾತ್ರ, ಬಾಡಿಗೆಯ ಬಿಡಾರಕ್ಕಲ್ಲ. ಜಾಗವು ಡಾಟಾ ಬ್ಯಾಂಕಿನಲ್ಲಿ ಸೇರಿದೆಯೇ ಎಂಬುದನ್ನು ಕೃಷಿ ಭವನದಲ್ಲಿ ಮೊದಲೇ ವಿಚಾರಿಸಿರಿ.

ದೊಡ್ಡ ಜಾಗವನ್ನು ತುಂಡು ಮಾಡಿ ಮನೆ ನಿವೇಶನಗಳೆಂದು ಮಾರುವವರಲ್ಲಿ, ಒಟ್ಟು ಜಾಗ 500 ಚದರ ಮೀಟರಿಗೆ, ಅಂದರೆ ಸುಮಾರು ಹನ್ನೆರಡೂಕಾಲು ಸೆಂಟ್ಸಿಗೆ ಮೀರಿದ್ದರೆ, 2016ರ ಕಾಯಿದೆಯಂತೆ ರೇರಾ ನೋಂದಣಿ ನಂಬರನ್ನು ಕೇಳಿರಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಗಲ್ಫಿನಲ್ಲಿರುವ ಮಗನ ಹೆಸರಿನಲ್ಲಿ ಮನೆ ತೆಗೆಯಬಹುದು, ಆದರೆ ಅನಿವಾಸಿ ಭಾರತೀಯರು ಕೃಷಿಭೂಮಿಯನ್ನೂ ತೋಟವನ್ನೂ ಕ್ರಯಕ್ಕೆ ತೆಗೆಯುವಂತಿಲ್ಲ.

ಕಟ್ಟುವುದು, ಕೊಡುವುದು

ಪಂಚಾಯತಿನ ಪರವಾನಿಗೆಯಿಲ್ಲದೆ ಕಲ್ಲು ಇಳಿಸಬೇಡಿರಿ. ಮನೆ ನಂಬರು ಸಿಗದಿದ್ದರೆ ಮುಂದೆ ಪ್ರತಿಯೊಂದಕ್ಕೂ ತೊಡಕು. ವಾಸದ ಕಟ್ಟಡ 100 ಚದರ ಮೀಟರು ದಾಟಿದರೆ ಕಂದಾಯ ಇಲಾಖೆಗೆ ಒಂದು ಸಲದ ಕಟ್ಟಡ ತೆರಿಗೆಯುಂಟು. ಮೇಲೆ ಹೇಳಿದ 1,000 ಚದರಡಿ ಸುಮಾರು 93 ಚದರ ಮೀಟರು. ಬಿಡಾರ ಒಂದೊಂದಕ್ಕೂ ಬೇರೆ ಬೇರೆ ವಿದ್ಯುತ್ ಮೀಟರು ಇರಲಿ. ಜಗಳದ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಹಿರಿಯರಲ್ಲಿ ಒಂದು ಹೆದರಿಕೆ ಇನ್ನೂ ಉಳಿದಿದೆ: “ಒಕ್ಕಲು ಕೂರಿಸಿದರೆ ಜಾಗ ಹೋಯಿತು” ಎಂದು. ಚಾಲಗೇಣಿ, ಮೂಲಗೇಣಿಗಳ ಕಾಲ ಕಂಡವರ ಮಾತು ಅದು. 1970ರ ಜನವರಿ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ ಗುಡಿಸಲಿನಲ್ಲಿ ಕುಳಿತವರಿಗೆ ಪಂಚಾಯತಿನಲ್ಲಿ ಹತ್ತು ಸೆಂಟ್ಸಿನ ವರೆಗೆ ಹಕ್ಕು ದೊರೆತದ್ದು ನಿಜ. ಆದರೆ ಮಾಲಿಕನೋ ಇನ್ನೊಬ್ಬರೋ ಕಟ್ಟಿಕೊಟ್ಟ ಗುಡಿಸಲೆಂದರೆ ಕಟ್ಟುವಾಗ 750 ರೂಪಾಯಿಗೆ ಮೀರದ ಖರ್ಚಿನದು, ಇಲ್ಲವೆ ತಿಂಗಳಿಗೆ 5 ರೂಪಾಯಿಗೆ ಮೀರದ ಬಾಡಿಗೆ ಬರತಕ್ಕದ್ದು ಎಂದು ಕಾಯಿದೆಯಲ್ಲೇ ಹೇಳಿದೆ. ಇಂದಿನ ಕೆಂಪುಕಲ್ಲಿನ ಬಿಡಾರಕ್ಕೆ ಅದು ತಾಗದು. ಹಾಗಿದ್ದರೂ ಕರಾರಿನಲ್ಲಿ ಕಟ್ಟಡವನ್ನು ಮಾತ್ರ ಕೊಟ್ಟದ್ದೆಂದು ಬರೆಯಿರಿ. ಸುತ್ತಲಿನ ಜಾಗವನ್ನೂ ತೆಂಗಿನ ಫಲವನ್ನೂ ಅದರಲ್ಲಿ ಸೇರಿಸಬೇಡಿರಿ. ಹೊಸದಾಗಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಆ ಕಾಯಿದೆಯಲ್ಲಿ ಅವಕಾಶವಿಲ್ಲ.

ಕರಾರು ಹನ್ನೊಂದು ತಿಂಗಳಿಗೆ ಇರಲಿ. ಒಂದು ವರ್ಷ ದಾಟಿದರೆ ನೋಂದಣಿ ಬೇಕಾಗುತ್ತದೆ. ಬಾಡಿಗೆ, ಮುಂಗಡ ಠೇವಣಿ, ನೀರಿನ ಏರ್ಪಾಡು, ಬಿಡುವ ಮೊದಲು ಎಷ್ಟು ದಿನದ ತಿಳಿವಳಿಕೆ ಎಂಬುದನ್ನು ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಗುರುತು ಚೀಟಿಯ ಪ್ರತಿ ತೆಗೆದುಕೊಳ್ಳಿರಿ. ಪರರಾಜ್ಯದ ಕೂಲಿಕಾರರಾದರೆ ಠಾಣೆಗೆ ಮಾಹಿತಿ ಕೊಡಿರಿ. ಬಾಡಿಗೆ ನಿಂತರೂ ನೀರು ಕಡಿಯುವುದು, ಬೀಗ ಜಡಿಯುವುದು ಸಲ್ಲದು. 1965ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಯಲ್ಲಿರುವ ಊರುಗಳಲ್ಲಿ ತೆರವು ಮಾಡಿಸುವುದಕ್ಕೆ ನ್ಯಾಯಾಲಯವೊಂದೇ ದಾರಿ. ಬಾಡಿಗೆಯವನಿಗೂ ಹೆಂಡತಿ ಮಕ್ಕಳಿದ್ದಾರೆ. ಒಳ್ಳೆಯ ಒಕ್ಕಲನ್ನು ಐನೂರು ರೂಪಾಯಿಯ ಆಸೆಗೆ ಬಿಟ್ಟು ಎರಡು ತಿಂಗಳು ಖಾಲಿ ಇಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಅಡಕೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬಿಡಾರದ ಬಾಡಿಗೆಗೆ ಆ ವಿನಾಯಿತಿ ಇಲ್ಲ. ಪಂಚಾಯತು ತೆರಿಗೆ ಕಳೆದು ಉಳಿದುದರಲ್ಲಿ ನೂರಕ್ಕೆ 30ನ್ನು ಬಿಟ್ಟು ಮಿಕ್ಕದ್ದನ್ನು ಆದಾಯಕ್ಕೆ ಸೇರಿಸುತ್ತಾರೆ. ರಶೀದಿಗಳನ್ನು ಒಂದು ಕಟ್ಟಿನಲ್ಲಿ ಇಡುವ ಅಭ್ಯಾಸ ಮಾಡಿಕೊಳ್ಳಿರಿ.

ಇಷ್ಟನ್ನು ಋತುವಿಗೆ ಸರಿಯಾಗಿ ಹೊಂದಿಸಿಕೊಂಡರೆ ಕೆಲಸ ಹಗುರ. ಬೇಸಗೆಯಲ್ಲಿ ನೀರು ನೋಡಿರಿ, ಮಳೆಗಾಲದಲ್ಲಿ ಬರೆಯನ್ನೂ ಚರಂಡಿಯನ್ನೂ ನೋಡಿರಿ. ಆ ನಡುವೆ ದಾಖಲೆ ಕೂಡಿಸಿ ಓದಿಸಿರಿ. ದೀಪಾವಳಿ ಕಳೆದ ಮೇಲೆ ಪಂಚಾಂಗ ಹಾಕಿರಿ. ಮೊದಲಿಗೆ ಒಂದೇ ಬಿಡಾರ ಕಟ್ಟಿ ವರ್ಷವೆರಡು ವರ್ಷ ಅದರ ಉತ್ಪತ್ತಿ ನೋಡಿ ಎರಡನೆಯದಕ್ಕೆ ಕೈ ಹಾಕಬಹುದು. ಅಡಕೆ ಸಸಿ ನೆಟ್ಟು ಐದಾರು ವರ್ಷ ಕಾಯಬಲ್ಲ ನಮಗೆ ಒಂದು ವರ್ಷ ಹೆಚ್ಚಲ್ಲ. ತೋಟವನ್ನು ಅಡವಿಟ್ಟು ಮಾತ್ರ ಬಿಡಾರ ಕಟ್ಟಬೇಡಿರಿ. ಬಾಡಿಗೆಯವನು ಬಿಟ್ಟುಹೋದ ತಿಂಗಳಲ್ಲೂ ಮನೆಯ ಅನ್ನ ಬೇಯುವುದು ಆ ತೋಟದಿಂದಲೇ.