ಮ್ಯಾಗ್ನೆಟ್ ಅಂಟಿದರೆ ಮಾತ್ರ ಬಣ್ಣ: ದೋಹಾದಲ್ಲಿ ಪುತ್ತೂರಿನ ಟಿಂಕರ್

ದೋಹಾ: 1998ರಲ್ಲಿ ಆರಂಭವಾದ ಇಲ್ಲಿನ ಶೇಖ್ ಫೈಸಲ್ ಮ್ಯೂಸಿಯಂನಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳ ಹೊಳಪು ಕಂಡು ಬೆರಗಾದವರು ನಾವು. ಅಂಥ ಹೊಳಪು ಬರುವುದು ಹೇಗೆಂದು ತಿಳಿದದ್ದು ಮಾತ್ರ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ, ಪುತ್ತೂರು ಕಡೆಯ ಟಿಂಕರ್ ಒಬ್ಬರ ಬಳಿ.

ಅವರ ಮುಂದೆ 1970ರ ದಶಕದ ಶೆವ್ರೊಲೆ ಕ್ಯಾಪ್ರಿಸ್ ನಿಂತಿತ್ತು. ಮಾಲೀಕರಿಗೆ ಮಗನ ಮದುವೆಗೆ ಅದೇ ಕಾರು ಬೇಕು. ಉಳಿದದ್ದು ಹತ್ತೇ ದಿನ. ಬಾಗಿಲ ಕೆಳಭಾಗಕ್ಕೆ ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ. ಅಲ್ಲಿ ತಗಡೇ ಇರಲಿಲ್ಲ, ಹಿಂದೆ ಯಾರೋ ಮೆತ್ತಿದ್ದ ಪುಟ್ಟಿ ಮಾತ್ರ.

“ನಾನೂ ಪುಟ್ಟಿ ಮೆತ್ತಿ ಕೊಡಬಹುದು ಮಾರಾಯ್ರೆ. ಆದ್ರೆ ತುಕ್ಕು ಒಳಗೊಳಗೇ ತಿಂತದೆ, ಆಮೇಲೆ ಬಣ್ಣ ಗುಳ್ಳೆ ಏಳ್ತದೆ” ಎಂದರು. ಮಾಲೀಕರಿಗೂ ಅದನ್ನೇ ಹೇಳಿದರು. ಅವರು ಒಪ್ಪಿದರು, ಮದುವೆಗೆ ಬೇರೆ ಕಾರು ಹೋಯಿತು.

ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಕಡಲ ತೇವದ ಗಾಳಿಗೆ ಬರಿ ತಗಡು ಬೇಗ ಕೆಂಪಾಗುತ್ತದೆ. ಹಾಗಾಗಿ ಅಂದೇ ಎಪಾಕ್ಸಿ ಪ್ರೈಮರ್. ನಂತರ ತೆಳುವಾಗಿ ಪುಟ್ಟಿ, 80 ಮತ್ತು 180ರ ಎಮರಿ ಪೇಪರಿನ ಉಜ್ಜಾಟ, ಮತ್ತೆ ಪ್ರೈಮರ್. ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಸಿಂಪಡಿಸಿ, ನೀರು ಹಾಕಿ 600ರ ಪೇಪರಿನಲ್ಲಿ ಉಜ್ಜಿದರು. ಕಪ್ಪು ಉಳಿದಲ್ಲಿ ತಗ್ಗಿದೆ ಎಂದರ್ಥ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಸವರಿ ಪರೀಕ್ಷೆ.

ಕೆಲವು ವಾರ ಬಿಟ್ಟು ಶುಕ್ರವಾರದ ರಜೆಯಲ್ಲಿ ನಾವು ಮತ್ತೆ ಹೋದೆವು. ಬಣ್ಣ ಇನ್ನೂ ಬಿದ್ದಿರಲಿಲ್ಲ. ಅವರು ಅದೇ ಬಾಗಿಲಿಗೆ ಮ್ಯಾಗ್ನೆಟ್ ಹಿಡಿದರು.

ಟಕ್ಕನೆ ಅಂಟಿತು.