ಮನೆಯಲ್ಲೇ ಗಾಲ್ಫ್ ಅಭ್ಯಾಸ: ಲಾಂಚ್ ಮಾನಿಟರ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ

ಬ್ಯಾರಿ ಮನೆಗಳಲ್ಲಿ ‘ಗಲ್ಫ್’ ಎಂಬ ಪದ ಗೊತ್ತಿಲ್ಲದ ಮಗು ಇಲ್ಲ. ‘ಗಾಲ್ಫ್’ ಮಾತ್ರ ಯಾರೋ ದೊಡ್ಡವರ ಆಟ ಎಂದೇ ಉಳಿದಿತ್ತು. ಈಗ ಸ್ವಲ್ಪ ಸ್ವಲ್ಪ ಬದಲಾಗ್ತಾ ಉಂಟು. ದುಬೈಯಲ್ಲಿ ಕೆಲಸಕ್ಕಿರುವ ಹುಡುಗರು ರಜೆಯ ದಿನ ಗೆಳೆಯರ ಜೊತೆ ಎಮಿರೇಟ್ಸ್ ಗಾಲ್ಫ್ ಕ್ಲಬ್ ಆವರಣದ ಟಾಪ್‌ಗಾಲ್ಫ್‌ಗೆ ಹೋಗ್ತಾರೆ, ಒಂದಷ್ಟು ಚೆಂಡು ಹೊಡೀತಾರೆ, ಚೆಂಡು ಎಷ್ಟು ದೂರ ಹೋಯಿತು ಎಂದು ಪರದೆಯ ಮೇಲೆ ನೋಡ್ತಾರೆ. ಒಮ್ಮೆ ಆ ರುಚಿ ಹತ್ತಿದರೆ ಊರಿಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ.

ಊರಲ್ಲಿ ಎಲ್ಲಿ ಆಡುವುದು ಎಂಬುದೇ ತೊಂದರೆ. ಮಂಗಳೂರಿಗೆ ಪಿಲಿಕುಳದ ಕೋರ್ಸ್ ಉಂಟು. ಬೆಂಗಳೂರಲ್ಲಿ 1876ರಷ್ಟು ಹಳೆಯ ಬೆಂಗಳೂರು ಗಾಲ್ಫ್ ಕ್ಲಬ್ ಇದೆ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ. ಆದರೆ ದೊಡ್ಡ ಕ್ಲಬ್‌ನ ಸದಸ್ಯತ್ವ ಅಂಗಡಿ ಇಟ್ಟುಕೊಂಡವನ ಅಥವಾ ಸಂಬಳದ ಹುಡುಗನ ಕೈಗೆ ಎಟಕುವ ಮಾತಲ್ಲ. ಅದಕ್ಕೇ ಟೆರೇಸಿನ ಮೇಲೆ ಒಂದು ಬಲೆ ಕಟ್ಟಿ, ಒಂದು ಮ್ಯಾಟ್ ಹಾಸಿ ಹೊಡೆಯುವ ಯೋಚನೆ ಬರುವುದು. ಬಲೆಗೆ ಹೊಡೆದರೆ ಚೆಂಡು ಎಂಟು ಹತ್ತು ಅಡಿಗೇ ನಿಂತುಬಿಡುತ್ತದೆ. ಅದು ನೇರ ಹೋಗ್ತಿತ್ತೋ, ಪಕ್ಕದ ತೋಟಕ್ಕೆ ಬೀಳ್ತಿತ್ತೋ ತಿಳಿಯುವುದು ಹೇಗೆ? ಅದನ್ನು ಹೇಳುವ ಪೆಟ್ಟಿಗೆಗೇ ಲಾಂಚ್ ಮಾನಿಟರ್ ಎನ್ನುವುದು.

ಈ ಪೆಟ್ಟಿಗೆ ಚೆಂಡಿನ ಪೂರ್ತಿ ಪ್ರಯಾಣವನ್ನು ನೋಡುವುದಿಲ್ಲ, ಬಲೆ ಇದ್ದಲ್ಲಿ ನೋಡಲು ಸಾಧ್ಯವೂ ಇಲ್ಲ. ಚೆಂಡು ಕ್ಲಬ್ಬಿನಿಂದ ಬಿಟ್ಟ ಮೊದಲ ಕ್ಷಣದ ಕೆಲವು ಸಂಗತಿಗಳನ್ನು ಹಿಡಿಯುತ್ತದೆ: ಎಷ್ಟು ವೇಗ, ಎಷ್ಟು ಕೋನದಲ್ಲಿ ಮೇಲೆದ್ದಿತು, ಎಡಕ್ಕೋ ಬಲಕ್ಕೋ, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು. ಉಳಿದದ್ದು ಗಣಿತ. ‘150 ಗಜ ಹೋಯಿತು’ ಎಂದು ಫೋನಿನಲ್ಲಿ ಬರುವುದು ಅಳತೆಯಲ್ಲ, ಲೆಕ್ಕ ಹಾಕಿ ಬಂದ ಉತ್ತರ. ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ದುಬಾರಿಯದ್ದು ಹೆಚ್ಚು ಸಂಗತಿಗಳನ್ನು ಅಳೆದು ಕಡಿಮೆ ಊಹಿಸುತ್ತದೆ. ಅಗ್ಗದ್ದು ಎರಡು ಮೂರನ್ನು ಅಳೆದು ಉಳಿದದ್ದನ್ನು ಊಹಿಸುತ್ತದೆ. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಥರ ಚಂದ ಕಾಣ್ತವೆ.

ಅಳೆಯುವ ದಾರಿ ಎರಡು. ಒಂದು ರಾಡಾರ್, ರಸ್ತೆ ಬದಿಯಲ್ಲಿ ಪೊಲೀಸರು ವಾಹನದ ವೇಗ ಹಿಡಿಯುವ ಗನ್ನಿನ ತತ್ವವೇ. ಪೆಟ್ಟಿಗೆ ಅಲೆಗಳನ್ನು ಕಳಿಸುತ್ತದೆ, ಅವು ಓಡುವ ಚೆಂಡಿಗೆ ಬಡಿದು ಮರಳುವಾಗ ಆವರ್ತನ ಬದಲಾಗಿರುತ್ತದೆ, ಆ ಬದಲಾವಣೆಯಿಂದ ವೇಗ ಸಿಗುತ್ತದೆ. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಇದರಲ್ಲಿ ದೊಡ್ಡ ಹೆಸರು, ವೃತ್ತಿಪರರು ಬಳಸುವುದು. ಅದರ ಬೆಲೆಗೆ ಊರಲ್ಲಿ ಒಳ್ಳೆಯ ಕಾರೇ ಬರುತ್ತದೆ. ಇನ್ನೊಂದು ಕ್ಯಾಮೆರಾ. ಚೆಂಡಿನ ಪಕ್ಕದಲ್ಲೋ ಮೇಲೋ ಕುಳಿತು, ಕಣ್ಣು ಮಿಟುಕಿಸುವುದರೊಳಗೆ ಹಲವು ಫೋಟೋ ತೆಗೆದು, ಒಂದು ಫೋಟೋಕ್ಕೂ ಇನ್ನೊಂದಕ್ಕೂ ಚೆಂಡು ಎಷ್ಟು ಸರಿಯಿತು, ಎಷ್ಟು ತಿರುಗಿತು ಎಂದು ನೋಡುವುದು. ಎರಡನ್ನೂ ಸೇರಿಸಿದ ಮಾದರಿಗಳೂ ಇವೆ.

ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಟೇಪು ಹಿಡಿದು ಜಾಗ ಅಳೆಯಬೇಕು. ಹೆಚ್ಚಿನವರ ದುಡ್ಡು ನೀರುಪಾಲಾಗುವುದು ಈ ಒಂದು ಕೆಲಸ ಬಿಟ್ಟದ್ದರಿಂದ. ಅಗ್ಗದ ರಾಡಾರ್‌ಗಳನ್ನು ಚೆಂಡಿನ ಹಿಂದೆ ಇಡಬೇಕು. ಗಾರ್ಮಿನ್ ಕಂಪನಿಯ ಅಪ್ರೋಚ್ ಆರ್10ಕ್ಕೆ ಚೆಂಡಿನ ಹಿಂದೆ 6ರಿಂದ 8 ಅಡಿ, ಚೆಂಡಿನ ಮುಂದೆ ಬಲೆಯವರೆಗೆ ಕನಿಷ್ಠ 8 ಅಡಿ ಬೇಕು. ಬಲೆ ಹಿಂದಕ್ಕೆ ಬಾಗಲು ಒಂದಡಿ ಬಿಟ್ಟರೆ ಒಟ್ಟು ಹದಿನೈದು ಹದಿನೇಳು ಅಡಿ. ನಮ್ಮ ಕಡೆಯ 10ಕ್ಕೆ 12 ಅಡಿಯ ಕೋಣೆಯಲ್ಲಿ ಇದು ಆಗುವ ಕೆಲಸವಲ್ಲ. ಪಕ್ಕದಲ್ಲಿಡುವ ಕ್ಯಾಮೆರಾ ಮಾದರಿಗೆ ಹಿಂದಿನ ಜಾಗ ಬೇಡ, ಕ್ಲಬ್ ಬೀಸಲು ಮತ್ತು ಬಲೆಗೆ ಜಾಗವಿದ್ದರೆ ಸಾಕು. ಆದರೆ ಮನೆಯಲ್ಲಿ ಒಬ್ಬ ಎಡಗೈಯವನಿದ್ದರೆ ಪ್ರತಿ ಸಲ ಪೆಟ್ಟಿಗೆಯನ್ನು ಈ ಬದಿಯಿಂದ ಆ ಬದಿಗೆ ಎತ್ತಿಡಬೇಕಾಗ್ತದೆ.

ಎತ್ತರವನ್ನೂ ನೋಡಿ. ಎತ್ತರದ ಹುಡುಗ ಡ್ರೈವರ್ (ಕಾರಿನದ್ದಲ್ಲ, ಅತಿ ಉದ್ದದ ಕ್ಲಬ್ಬಿನ ಹೆಸರೇ ಅದು) ಬೀಸಿದರೆ 9 ಅಡಿಯ ಸ್ಲ್ಯಾಬ್ ಕೂಡ ಹತ್ತಿರವೇ. ಅದಕ್ಕಿಂತ ಕೆಳಗೆ ನೇತಾಡುವ ಫ್ಯಾನ್ ಉಂಟಲ್ಲ, ಅದರ ಗತಿ ಏನು? ಕ್ಲಬ್ ತಾಗದಷ್ಟು ದೂರ ಇದ್ದರೂ ತಿರುಗುವ ಫ್ಯಾನ್ ರಾಡಾರಿಗೆ ಒಂದು ಚಲಿಸುವ ವಸ್ತುವೇ, ಓದಿಕೆ ಕೆಡಬಹುದು. ಕರಾವಳಿಯ ಸೆಕೆಯಲ್ಲಿ ಫ್ಯಾನ್ ಆರಿಸಿ ಐವತ್ತು ಚೆಂಡು ಹೊಡೆಯುವುದು ಹೇಗಿರ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಬಯಲಿದ್ದರೆ ಲೆಕ್ಕವೇ ಬೇರೆ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕಡೆ, ಕುಣಿಕೋಣೂರದಂಥ ಕನ್ನಡ ಊರನ್ನು ತೆಗೆದುಕೊಳ್ಳಿ. ಮಳೆ ಕಡಿಮೆಯ ಸೀಮೆ. ಊರಲ್ಲಿ ಗಾಲ್ಫ್ ಕೋರ್ಸ್ ಇಲ್ಲ, ಆದರೆ ಬೆಳೆ ತೆಗೆದ ಮೇಲೆ ಖಾಲಿ ಬಿದ್ದ ಸ್ವಂತ ಹೊಲ ಇರುವವನಿಗೆ ಬಲೆಯೇ ಬೇಡ. ಅಂಥಲ್ಲಿ ರಾಡಾರ್ ರಾಜ. ಚೆಂಡು ಹೆಚ್ಚು ದೂರ ಹಾರಿದಷ್ಟೂ ಅದಕ್ಕೆ ನೋಡಲು ಹೆಚ್ಚು ಸಿಗುತ್ತದೆ, ಊಹೆ ಕಡಿಮೆಯಾಗ್ತದೆ. ಚೆಂಡು ಎಲ್ಲಿ ಬಿತ್ತು ಎಂದು ಹೆಜ್ಜೆ ಹಾಕಿ ತಾಳೆ ನೋಡಲೂಬಹುದು. ಜನ, ದನಕರು ಇಲ್ಲದ ಕಡೆ ನೋಡಿಕೊಳ್ಳಬೇಕು ಅಷ್ಟೆ. 46 ಗ್ರಾಂ ತೂಕದ ಗಟ್ಟಿ ಚೆಂಡು ತಲೆಗೆ ಬಡಿದರೆ ತಮಾಷೆಯಲ್ಲ. ನಮ್ಮ ಕರಾವಳಿಯಲ್ಲಿ ಜಾಗ ಕಡಿಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೊಡೆಯುವ ಮಾತೇ ಇಲ್ಲ. ವರ್ಷದ ಮೂರನೇ ಒಂದು ಭಾಗ ಒಳಗೇ ಆಡಬೇಕಾದವನು ಒಳಗೆ ಚೆನ್ನಾಗಿ ನಡೆಯುವ ಪೆಟ್ಟಿಗೆಯನ್ನೇ ನೋಡಬೇಕು.

ಇನ್ನು ಹಣದ ವಿಷಯ. ಡಾಲರಿಗೆ 90 ರೂಪಾಯಿ ಎಂದು ಹಿಡಿದು, ತೆರಿಗೆ ಬಿಟ್ಟು ಲೆಕ್ಕ ನೋಡೋಣ. ಅತಿ ಕೆಳಗಿನ ಮೆಟ್ಟಿಲಲ್ಲಿ ಜಪಾನಿನ ಪಿಆರ್‌ಜಿಆರ್ ಎಂಬ ಅಂಗೈಯಷ್ಟಗಲದ ಪುಟ್ಟ ರಾಡಾರ್ ಉಂಟು, ಅಮೆರಿಕದಲ್ಲಿ 200 ಡಾಲರ್ ಚಿಲ್ಲರೆ, ಅಂದರೆ 20 ಸಾವಿರದ ಆಸುಪಾಸು. ಫೋನ್ ಬೇಡ, ಆ್ಯಪ್ ಬೇಡ, ಪೆನ್ಸಿಲ್ ಸೆಲ್ ಹಾಕಿದರೆ ಮುಗಿಯಿತು. ಕ್ಲಬ್ ವೇಗ, ಚೆಂಡಿನ ವೇಗ, ಅಂದಾಜು ದೂರ ಹೇಳ್ತದೆ. ಎಡ ಬಲ ಹೇಳುವುದಿಲ್ಲ. ಕಲಿಯುವವನಿಗೆ ಇದು ಏನೂ ಕಡಿಮೆಯಲ್ಲ.

ಅದರ ಮೇಲಿನ ಮೆಟ್ಟಿಲಿನಲ್ಲಿ ಸ್ಪರ್ಧೆ ಜೋರು. ಗಾರ್ಮಿನ್ ಆರ್10 2021ರಲ್ಲಿ 600 ಡಾಲರಿಗೆ ಬಂತು, ಸುಮಾರು 54 ಸಾವಿರ. ರಾಪ್ಸೋಡೋ ಎಂಎಲ್‌ಎಂ2ಪ್ರೊ 2023ರಲ್ಲಿ 700 ಡಾಲರಿಗೆ ಬಂತು, 63 ಸಾವಿರ. ಇದರಲ್ಲಿ ರಾಡಾರ್ ಜೊತೆ ಕ್ಯಾಮೆರಾ ಇದೆ, ಗುರುತು ಹಾಕಿದ ವಿಶೇಷ ಚೆಂಡು ಬಳಸಿದರೆ ಸ್ಪಿನ್ ಅನ್ನು ಊಹಿಸದೆ ಅಳೆಯುತ್ತದೆ. ಅದೇ ಬೆಲೆಯ ಸ್ಕ್ವೇರ್ ಗಾಲ್ಫ್ ಪೂರ್ತಿ ಕ್ಯಾಮೆರಾ, ಪಕ್ಕದಲ್ಲಿಡುವುದು, ಮುಖ್ಯವಾಗಿ ಒಳಾಂಗಣಕ್ಕೆಂದೇ ಮಾಡಿದ್ದು. ಚಿಕ್ಕ ಕೋಣೆಯವನು ಮೊದಲು ನೋಡಬೇಕಾದದ್ದು ಇಂಥದ್ದನ್ನು. ಸ್ಕೈಟ್ರ್ಯಾಕ್ ಪ್ಲಸ್ ಬಂದದ್ದು 3,000 ಡಾಲರಿನ ಹತ್ತಿರ. ಅಷ್ಟು ಹಣ ಹಾಕುವವನು ‘ಅಗ್ಗ’ ಎಂಬ ಪದ ಬಿಟ್ಟು ಮಾತಾಡಬೇಕು.

ವ್ಯಾಪಾರ ಮಾಡುವವರಿಗೆ ಗೊತ್ತಿರುವ ಒಂದು ಮಾತು ಇಲ್ಲಿ ಹೆಚ್ಚಿನವರು ಮರೆಯುತ್ತಾರೆ. ವಸ್ತುವಿನ ಬೆಲೆ ಬೇರೆ, ಅದನ್ನು ಇಟ್ಟುಕೊಳ್ಳುವ ಖರ್ಚು ಬೇರೆ. ಈ ಪೆಟ್ಟಿಗೆಗಳಿಗೆ ವರ್ಷದ ಚಂದಾ ಇರ್ತದೆ. ಗಾರ್ಮಿನ್‌ನದ್ದು ವರ್ಷಕ್ಕೆ 100 ಡಾಲರ್, ರಾಪ್ಸೋಡೋದ್ದು 200 ಡಾಲರ್ ಎಂದು ಹಿಡಿಯಿರಿ. ಮೂರು ವರ್ಷ ಕಟ್ಟಿದರೆ ಮೊದಲನೆಯದು 54 ಸಾವಿರದಿಂದ 81 ಸಾವಿರಕ್ಕೆ ಏರುತ್ತದೆ, ಎರಡನೆಯದು 63 ಸಾವಿರದಿಂದ 1 ಲಕ್ಷ 17 ಸಾವಿರಕ್ಕೆ. ಅಂಗಡಿಯವನು ತೋರಿಸುವ 9 ಸಾವಿರದ ವ್ಯತ್ಯಾಸ ಮೂರು ವರ್ಷದಲ್ಲಿ 36 ಸಾವಿರ ಆಗ್ತದೆ. ಚಂದಾ ಕಟ್ಟದೆ ಏನೇನು ಸಿಗ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಆರ್10ರಲ್ಲಿ ಬರೀ ಅಭ್ಯಾಸದ ಅಂಕಿಗಳಿಗೆ ಚಂದಾ ಬೇಡ, ಪರದೆಯ ಮೇಲೆ ಬೇರೆ ಬೇರೆ ದೇಶದ ಕೋರ್ಸ್ ಆಡುವ ಆಟಕ್ಕೆ ಬೇಕು. ಆ ಆಟ ಬೇಕೋ ಬೇಡವೋ ನೀವೇ ನಿರ್ಧರಿಸಿ. ಮಕ್ಕಳಿಗಂತೂ ಖಂಡಿತ ಬೇಕಾಗ್ತದೆ!

ಬಲೆ, ಮ್ಯಾಟ್, ಚೆಂಡಿನ ಖರ್ಚನ್ನೂ ಸೇರಿಸಿ. ಮ್ಯಾಟಿನಲ್ಲಿ ಮಾತ್ರ ಉಳಿತಾಯ ಮಾಡಬಾರದು. ತೆಳು ಮ್ಯಾಟನ್ನು ಕಾಂಕ್ರೀಟಿನ ಮೇಲೆ ಹಾಸಿ ದಿನಾ ನೂರು ಚೆಂಡು ಹೊಡೆದರೆ ಮಣಿಕಟ್ಟು, ಮೊಣಕೈ ನೋವು ಶುರುವಾಗ್ತದೆ, ಡಾಕ್ಟರ ಬಿಲ್ಲು ಮ್ಯಾಟಿಗಿಂತ ಹೆಚ್ಚು. ಫೋನ್ ಯಾವುದು ಎಂಬುದೂ ಮುಖ್ಯ. ರಾಪ್ಸೋಡೋದ ಮೊದಲ ಮಾದರಿ ಐಫೋನ್ ಇಲ್ಲದೆ ನಡೆಯುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಹಳೆಯ ಮಾಲೀಕನ ಅಕೌಂಟಿನಿಂದ ಪೆಟ್ಟಿಗೆ ಬಿಡಿಸಿದ್ದಾನೋ ಇಲ್ಲವೋ ಎಂದು ಅವನ ಎದುರೇ ನೋಡಿ ಹಣ ಕೊಡಬೇಕು.

‘ಅಣ್ಣ ಗಲ್ಫಿನಿಂದ ಬರುವಾಗ ತರ್ತಾನೆ’ ಎನ್ನುವ ಮನೆಗಳಿಗೆ ಒಂದು ವಿಷಯ. ಬ್ಯಾಗೇಜಿನಲ್ಲಿ ತರುವ ಸಾಮಾನಿಗೆ ಸುಂಕವಿಲ್ಲದ ಮಿತಿ ಒಂದುಂಟು. 2016ರ ನಿಯಮದಲ್ಲಿ ಗಲ್ಫಿನಿಂದ ಬರುವವರಿಗೆ ಇದು 50 ಸಾವಿರ ರೂಪಾಯಿ ಇತ್ತು. ಸರಕಾರ ಇದನ್ನು ಬದಲಿಸುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ಕಸ್ಟಮ್ಸ್ ವೆಬ್‌ಸೈಟಿನಲ್ಲಿ ಆಗಿನ ಮೊತ್ತ ನೋಡಿಕೊಳ್ಳಿ. ಆ ಮಿತಿಯೊಳಗೆ ಲಾಂಚ್ ಮಾನಿಟರ್ ಒಂದೇ ಅಲ್ಲ, ಅಣ್ಣ ತರುವ ಬೇರೆ ಸಾಮಾನೂ ಸೇರುತ್ತದೆ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದು ದೊಡ್ಡ ವಸ್ತುವಿಗೆ ತೋರಿಸಲು ನಿಯಮ ಬಿಡುವುದಿಲ್ಲ. ಬಿಲ್ಲು ಇಟ್ಟುಕೊಂಡು, ಮಿತಿ ಮೀರಿದರೆ ಘೋಷಿಸಿ ಸುಂಕ ಕಟ್ಟಿ ಬಂದರೆ ಏರ್‌ಪೋರ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ದುಬೈಯಲ್ಲಿ ಕೊಂಡದ್ದಕ್ಕೆ ಭಾರತದಲ್ಲಿ ವಾರಂಟಿ ನಡೆಯುತ್ತದೋ ಎಂದೂ ಅಲ್ಲೇ ಕೇಳಬೇಕು. ನಡೆಯದಿದ್ದರೆ ಇಲ್ಲೇ ಜಿಎಸ್‌ಟಿ ಬಿಲ್ ಸಮೇತ ನಾಲ್ಕು ಸಾವಿರ ಹೆಚ್ಚು ಕೊಟ್ಟು ತೆಗೆಯುವುದು ಜಾಣತನ.

ಪೆಟ್ಟಿಗೆ ಮನೆಗೆ ಬಂತು ಎಂದಿಟ್ಟುಕೊಳ್ಳಿ. ಎಲ್ಲ ಅಂಕಿಗಳನ್ನೂ ಒಂದೇ ಸಮ ನಂಬಬಾರದು. ಅಗ್ಗದ ಮಾದರಿಗಳಲ್ಲಿ ಹೆಚ್ಚು ನಂಬಬಹುದಾದದ್ದು ಚೆಂಡಿನ ವೇಗ. ಮೇಲೇಳುವ ಕೋನವೂ ಮಟ್ಟಿಗೆ ಪರವಾಗಿಲ್ಲ. ಬಲೆಗೆ ಹೊಡೆಯುವಾಗ ಅಗ್ಗದ ರಾಡಾರ್ ಹೇಳುವ ಸ್ಪಿನ್ ಹೆಚ್ಚಾಗಿ ಊಹೆ, ಹಾಗಾಗಿ ಚೆಂಡು ಎಷ್ಟು ಬಾಗಿತು ಎಂಬುದೂ ಊಹೆಯೇ. ದಿಕ್ಕಿನ ಅಂಕಿ ಪೆಟ್ಟಿಗೆಯನ್ನು ಎಷ್ಟು ನೇರ ಇಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಎರಡೇ ಡಿಗ್ರಿ ಓರೆಯಾದರೆ 150 ಗಜದಲ್ಲಿ 5 ಗಜ ತಪ್ಪು ತೋರಿಸ್ತದೆ. ನೆಲದ ಮೇಲೆ ಟೇಪು ಅಂಟಿಸಿ ಗೆರೆ ಮಾಡಿಟ್ಟರೆ ಈ ತೊಂದರೆ ಇಲ್ಲ.

ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆ ಮನೆಯ ಅಭ್ಯಾಸಕ್ಕೆ ಬಹಳ ಉಪಯೋಗ. ಡ್ರೈವರಿನಲ್ಲಿ ಇದು ಹೆಚ್ಚೆಂದರೆ 1.5ರ ಹತ್ತಿರ ಬರ್ತದೆ. ಗಂಟೆಗೆ 90 ಮೈಲಿ ವೇಗದಲ್ಲಿ ಬೀಸಿದವನ ಚೆಂಡು 126 ಮೈಲಿಯಲ್ಲಿ ಹೋದರೆ 1.4. ಅದೇ ಬೀಸಿನಲ್ಲಿ ಕ್ಲಬ್ಬಿನ ನಡುವಿಗೆ ತಾಗಿಸಿ 135 ಮೈಲಿ ಬಂದರೆ 1.5. ಒಂದು ಮೈಲಿ ವೇಗಕ್ಕೆ ಸುಮಾರು ಎರಡು ಗಜ ಎಂಬ ಒರಟು ಲೆಕ್ಕದಲ್ಲಿ 18 ಗಜ ಲಾಭ, ಬೀಸು ಜೋರು ಮಾಡದೆಯೇ. ಜಿಮ್ಮಿಗೆ ಹೋಗುವ ಹುಡುಗರು ಮೊದಲ ದಿನವೇ ಬಲ ಹಾಕಿ ಬೀಸ್ತಾರೆ, ಪೆಟ್ಟಿಗೆ 1.3 ಎಂದು ಮುಖದ ಮೇಲೆ ಹೇಳ್ತದೆ.

ಇನ್ನೊಂದು ಒಳ್ಳೆಯ ಬಳಕೆ ಒಂದೊಂದು ಕ್ಲಬ್ಬಿನ ದೂರ ತಿಳಿಯುವುದು. ಒಂದೇ ಕ್ಲಬ್ಬಿನಲ್ಲಿ ಹತ್ತು ಚೆಂಡು ಹೊಡೆದು, ತೀರಾ ಕೆಟ್ಟ ಎರಡನ್ನು ಬಿಟ್ಟು, ಉಳಿದದ್ದರ ಸರಾಸರಿ ಬರೆದಿಡಿ. ಅತಿ ದೂರ ಹೋದ ಒಂದನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದರೆ ಆಟಕ್ಕೆ ಪ್ರಯೋಜನವಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಪಿಲಿಕುಳಕ್ಕೋ ಬೇರೆ ಕೋರ್ಸಿಗೋ ಹೋದಾಗ ತಾಳೆ ಹಾಕಿ. ಬೆಂಗಳೂರಿಗೆ ಹೋದರೆ ಅದೇ ಹೊಡೆತ ಸ್ವಲ್ಪ ಹೆಚ್ಚೇ ಹೋಗ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರಲ್ಲಿ ಗಾಳಿ ತೆಳು, ಅಡ್ಡಿ ಕಡಿಮೆ. ಮೂರು ನಾಲ್ಕು ಶೇಕಡಾ ಎಂದು ಹಿಡಿದರೆ ಮಂಗಳೂರಿನ 150 ಗಜ ಅಲ್ಲಿ 155.

ಈ ಅಗ್ಗದ ಪೆಟ್ಟಿಗೆಗಳು ಮುಖ್ಯವಾಗಿ ದೂರದ ಹೊಡೆತಕ್ಕೆ. ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಪಟ್ಟಿಂಗ್‌ನಲ್ಲಿ ಅವುಗಳಿಂದ ದೊಡ್ಡ ಸಹಾಯ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದದ್ದು ನೆನಪಿರಬಹುದು. ದೂರ ಹೊಡೆಯುವುದರಲ್ಲಿ ಅವರು ಅಲ್ಲಿದ್ದ ಹಲವರಿಗಿಂತ ಹಿಂದೆ ಇದ್ದರು, ಕೈ ಹಿಡಿದದ್ದು ಪಟ್ಟಿಂಗ್. ಅದರ ಅಭ್ಯಾಸಕ್ಕೆ ಬೇಕಾದದ್ದು ಒಂದು ಪಟ್ಟರ್, ಹಾಲ್‌ನಲ್ಲಿ ಹಾಸಲು ಒಂದು ಜಮಖಾನ, ಅದರ ತುದಿಯಲ್ಲಿ ಅಡ್ಡ ಮಲಗಿಸಿದ ಒಂದು ಸ್ಟೀಲ್ ಲೋಟ. ಇದಕ್ಕೆ ಚಂದಾ ಇಲ್ಲ, ಫ್ಯಾನೂ ಆರಿಸಬೇಕಾಗಿಲ್ಲ.