ಕೊಂಡಿಯ ಕಸುಬು, ವ್ಯಾನಿನ ಬಾಳುವೆ

ಕಾರ್ತಿಕ ಕಳೆದು ಕಬ್ಬು ನುರಿಸುವ ಕಾಲ ಬಂದಿತೆಂದರೆ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹೆದ್ದಾರಿಯಲ್ಲಿ, ಟ್ರ್ಯಾಕ್ಟರಿಗೊಂದು ಟ್ರಾಲಿ, ಆ ಟ್ರಾಲಿಗೆ ಮತ್ತೊಂದು ಟ್ರಾಲಿ, ಹೀಗೆ ಒಂದರ ಬೆನ್ನಿಗೊಂದನ್ನು ಕಟ್ಟಿಕೊಂಡು, ಎರಡಾಳೆತ್ತರಕ್ಕೆ ಕಬ್ಬು ಹೇರಿಕೊಂಡು, ಕರ್ಕಶವಾದ ಹಾಡು ಹಚ್ಚಿಕೊಂಡು ಸಾಗುವ ವಾಹನಗಳ ಸಾಲನ್ನು ಕಾಣದೆ ಪ್ರಯಾಣ ಮಾಡುವುದು ಅಸಾಧ್ಯವೇ ಸರಿ. ನೋಡುವವರ ದೃಷ್ಟಿ ಕಬ್ಬಿನ ರಾಶಿಯ ಮೇಲೆ ನಿಲ್ಲುತ್ತದೆ. ಹಿಂದಿನಿಂದ ಬಂದ ಬಸ್ಸಿನವನ ಶಾಪ ಚಾಲಕನ ಮೇಲೆ ಬೀಳುತ್ತದೆ. ಆದರೆ ಅಷ್ಟು ಟನ್ನುಗಳ ಭಾರವನ್ನು ಎಂಜಿನ್ನಿನ ಶಕ್ತಿಯೊಡನೆ ಜೋಡಿಸಿರುವ, ಏರಿನಲ್ಲಿ ಅದನ್ನು ಜಗ್ಗುವ, ಇಳಿಜಾರಿನಲ್ಲಿ ಅದನ್ನು ತಡೆಯುವ, ತಿರುವಿನಲ್ಲಿ ಅದಕ್ಕೆ ದಾರಿ ತೋರಿಸುವ ವಸ್ತು ಒಂದು ಗೇಣು ಉದ್ದದ ಉಕ್ಕಿನ ಪಿನ್ನು ಮತ್ತು ಅದು ತೂರಿಹೋಗುವ ಕೊಂಡಿ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಆ ಕೊಂಡಿಯನ್ನು ಮಾಡುವ, ತಿದ್ದುವ, ಎತ್ತರ ತಗ್ಗಿಸುವ ಕಸುಬೊಂದು ಈ ಸೀಮೆಯಲ್ಲಿ ಸದ್ದಿಲ್ಲದೆ, ಎನ್ನುವುದಕ್ಕಿಂತ ಸುತ್ತಿಗೆಯ ಸದ್ದಿನಲ್ಲಿಯೇ ಮರೆಯಾಗಿ, ಬೆಳೆದುಕೊಂಡು ಬಂದಿದೆ.

ಸೊಲ್ಲಾಪುರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಚಾದರ. ಅಕ್ಕಲಕೋಟೆಯೆಂದೊಡನೆ ನೆನಪಾಗುವವರು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರು. ನೂಲಿಗೂ ಭಕ್ತಿಗೂ ಸಂದಿರುವ ಈ ಖ್ಯಾತಿ ಕಬ್ಬಿಣಕ್ಕೆ ಸಂದಿಲ್ಲ. ಅಕ್ಕಲಕೋಟೆಯ ಭೋಸಲೆ ಸಂಸ್ಥಾನಿಕರ ಅರಮನೆಯ ಶಸ್ತ್ರಾಗಾರದಲ್ಲಿ ಖಡ್ಗ ಬಂದೂಕುಗಳ ಸಂಗ್ರಹವನ್ನು ಕಂಡು ಬೆರಗಾಗುವ ಯಾತ್ರಿಕರು, ಅದೇ ಊರಿನ ಹೆದ್ದಾರಿಯ ಬದಿಯಲ್ಲಿ ತಗಡಿನ ಛಾವಣಿಯ ಕೆಳಗೆ ಟ್ರಾಲಿಯ ಮೂತಿಯನ್ನು ಬೆಸೆಯುತ್ತ ಕುಳಿತವನ ಕಡೆಗೆ ತಿರುಗಿಯೂ ನೋಡದೆ ಹೋಗುತ್ತಾರೆ. ಒಂದೊಮ್ಮೆ ಹಳ್ಳಿಯ ಬಡಿಗನು ಚಕ್ಕಡಿಯ ನೊಗವನ್ನು ಕೆತ್ತಿ, ಕಂಬಾರನು ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಿಗಿದು, ಕಡಾಣಿಯನ್ನು ಬಡಿದು ಕೊಡುತ್ತಿದ್ದಂತೆಯೇ, ಇಂದಿನ ವೆಲ್ಡಿಂಗ್ ಶಾಪಿನ ಮಿಸ್ತ್ರಿಯು ಟ್ರಾಲಿಯನ್ನು ಕಟ್ಟಿಕೊಡುತ್ತಾನೆ; ಆ ಅಂಗಡಿಯಲ್ಲಿ ಲೆಕ್ಕ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ, ಪಕ್ಕದ ಮಗ್ಗದವರೊಡನೆ ಹರಟೆ ತೆಲುಗಿನಲ್ಲಿ ನಡೆದರೂ ಆಶ್ಚರ್ಯಪಡಬೇಕಾದುದಿಲ್ಲ.

ಗಿರಾಕಿ ಬಂದು ಹುಕ್ ಬದಲಿಸಬೇಕೆಂದರೆ ಬಲ್ಲ ಮಿಸ್ತ್ರಿಯು ಮೊದಲು ಕೇಳುವುದು ದುಡ್ಡಿನ ಮಾತನ್ನಲ್ಲ, "ಎಷ್ಟ ವಜ್ಜ ಜಗ್ಗಬೇಕ್ರಿ?" ಎಂದು. ಎರಡನೆಯ ಪ್ರಶ್ನೆ ಎತ್ತರದ್ದು. ಜಗ್ಗುವ ರೇಖೆಯು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಮೇಲಕ್ಕೆ ಹೋಯಿತೆಂದರೆ, ಭಾರವು ಹಿಂದಕ್ಕೆಳೆದಾಗ ಮುಂದಿನ ಗಾಲಿಗಳು ನೆಲವನ್ನು ಬಿಟ್ಟು ಮೇಲೇಳತೊಡಗುತ್ತವೆ. ಮುಂಗಾಲಿಗೆ ನೆಲವಿಲ್ಲದ ಟ್ರ್ಯಾಕ್ಟರಿಗೆ ಸ್ಟಿಯರಿಂಗ್ ಇದ್ದೂ ಇಲ್ಲದಂತೆಯೇ. ನೇಗಿಲು ಬೇರಿಗೋ ಕಲ್ಲಿಗೋ ಸಿಕ್ಕಿ ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಿಕೊಳ್ಳುತ್ತಿದ್ದ ದುರಂತಗಳು ಪಾಶ್ಚಾತ್ಯ ದೇಶಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದವು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬಾತನು ಮೂರು ತೋಳುಗಳ ಜೋಡಣೆಯನ್ನು ರೂಪಿಸಿ, 1938ರಲ್ಲಿ ಹೆನ್ರಿ ಫೋರ್ಡನೊಡನೆ ಕಾಗದಪತ್ರವಿಲ್ಲದೆ ಕೇವಲ ಕೈಕುಲುಕಿ ಒಪ್ಪಂದ ಮಾಡಿಕೊಂಡು, ಮರುವರ್ಷವೇ ಆ ಏರ್ಪಾಡಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದದ್ದು ಈ ಭಯಕ್ಕೆ ದೊರೆತ ಉತ್ತರಗಳಲ್ಲಿ ಮುಖ್ಯವಾದುದು. ಇಂದು ಅಕ್ಕಲಕೋಟೆ ತಾಲೂಕಿನ ದುಧನಿಯ ಹೊಲದಲ್ಲಿ ಉಳುವ ಟ್ರ್ಯಾಕ್ಟರಿನ ಹಿಂದೆಯೂ ಇರುವುದು ಅದೇ ಮೂರು ತೋಳುಗಳ ವಂಶ. ಆದರೆ ಅದು ನೇಗಿಲಿಗಾಗಿ ಹುಟ್ಟಿದುದು. ಟ್ರಾಲಿಯನ್ನು ಮೇಲಿನ ತೋಳಿಗೆ ಸಿಕ್ಕಿಸುವ ಅವಿವೇಕಕ್ಕಾಗಿ ಅಲ್ಲ. ಟ್ರಾಲಿಯ ಸ್ಥಾನ ಕೆಳಗಿನ ಹುಕ್ಕಿನಲ್ಲಿಯೇ.

ಎರಡು ಗಾಲಿಯ ಟ್ರಾಲಿಗೂ ನಾಲ್ಕು ಗಾಲಿಯದಕ್ಕೂ ಕೊಂಡಿಯ ಲೆಕ್ಕ ಬೇರೆ. ನಾಲ್ಕು ಗಾಲಿಯ ಟ್ರಾಲಿ ತನ್ನ ಭಾರವನ್ನು ತಾನೇ ಹೊತ್ತುಕೊಂಡು, ಎಳೆತವನ್ನು ಮಾತ್ರ ಕೊಂಡಿಗೆ ಬಿಡುತ್ತದೆ. ಎರಡು ಗಾಲಿಯದು ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಬೆನ್ನಿಗೆ ಹೊರಿಸುತ್ತದೆ. ಹೇರು ಮುಂದಾದರೆ ಕೊಂಡಿ ಕುಗ್ಗುತ್ತದೆ, ಹಿಂದಾದರೆ ಕೊಂಡಿಯೇ ಮೇಲೇಳುತ್ತದೆ. ಆದುದರಿಂದ ಹೇರುವವನ ಜಾಣ್ಮೆಯೂ ಮಿಸ್ತ್ರಿಯ ಜಾಣ್ಮೆಯಷ್ಟೇ ಬೆಲೆಯುಳ್ಳದ್ದು.

ಈ ಕಸುಬಿನ ಸೂಕ್ಷ್ಮವನ್ನು ಕಾಣಬೇಕೆನ್ನುವವರು ಸವೆದ ಕೊಂಡಿಯನ್ನು ಸರಿಪಡಿಸುವುದನ್ನು ಒಮ್ಮೆ ನಿಂತು ನೋಡಬೇಕು. ಒಂದೆರಡು ಹಂಗಾಮು ದುಡಿದ ಕೊಂಡಿಯ ದುಂಡನೆಯ ತೂತು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಪಿನ್ನಿನ ನಡುವು ಅರೆದುಹೋಗಿ ಸೊಂಟ ಬಂದಿರುತ್ತದೆ. ಪಿನ್ನಿಗೂ ತೂತಿಗೂ ನಡುವೆ ಈ ರೀತಿ ಹುಟ್ಟಿದ ಸಡಿಲಿಗೆ ಗ್ಯಾರೇಜಿನವರು ಆಟ ಎನ್ನುತ್ತಾರೆ, ಮತ್ತು ಅದು ಪ್ರತಿಯೊಂದು ಬ್ರೇಕಿಗೂ ಒಂದೊಂದು ಸುತ್ತಿಗೆಯ ಪೆಟ್ಟನ್ನು ಕೊಡುತ್ತ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಆಟ. ಅವಸರದ ಕೆಲಸಗಾರನು ಸವೆದ ಜಾಗಕ್ಕೆ ವೆಲ್ಡಿಂಗ್ ಕಡ್ಡಿಯಿಂದ ಒಂದಿಷ್ಟು ಕಬ್ಬಿಣವನ್ನು ಸುರಿದು, ಗ್ರೈಂಡರಿನಿಂದ ಉಜ್ಜಿ, ಬಣ್ಣ ಬಳಿದು ಕಳುಹಿಸುತ್ತಾನೆ. ಬಲ್ಲವನಾದರೋ ತೂತನ್ನು ಹಿರಿದಾಗಿ ಕೊರೆದು, ಲೇತಿನಲ್ಲಿ ತಿರುಗಿಸಿದ ಹೊಸ ಬುಶ್ಶನ್ನು ಕೂರಿಸಿ, ಪಿನ್ನನ್ನು ಮಾತ್ರ ಎಂದಿಗೂ ಬೆಸೆಯದೆ ಹೊಸದನ್ನೇ ಹಾಕುತ್ತಾನೆ. ಏಕೆಂದರೆ ಗಟ್ಟಿ ಉಕ್ಕನ್ನು ಎಚ್ಚರವಿಲ್ಲದೆ ಬೆಸೆದರೆ ಬೆಸುಗೆಯ ಅಂಚು ಪೆಡಸಾಗಿ, ಬಾಗುವ ಸೂಚನೆಯನ್ನೂ ಕೊಡದೆ ಒಮ್ಮೆಗೇ ತುಂಡಾಗುವ ಸಂಭವವುಂಟು. ಪಿನ್ನಿನ ತುದಿಗೆ ಒಂದು ಕ್ಲಿಪ್ಪು, ಕೊಂಡಿಯ ಎರಡು ಬದಿಗೂ ಒಂದೊಂದು ಸರಪಳಿ, ಇವಿಷ್ಟನ್ನು ಕೇಳದೆಯೇ ಹಾಕಿಕೊಡುವ ಮಿಸ್ತ್ರಿಯನ್ನು ರೈತರು ಬಿಟ್ಟುಕೊಡಬಾರದು.

ಇಷ್ಟು ಟ್ರ್ಯಾಕ್ಟರಿನ ಮಾತಾಯಿತು. ಇತ್ತೀಚೆಗೆ ಈ ಅಂಗಡಿಗಳ ಮುಂದೆ ಬಂದು ನಿಲ್ಲುವ ಇನ್ನೊಂದು ವಾಹನವಿದೆ. ಅದು ಮನೆಯ ವ್ಯಾನು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಮುಂದೆ ಓಮ್ನಿಯೆಂದು ಪ್ರಸಿದ್ಧವಾಗಿ, 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಕನ್ನಡ ಮತ್ತು ಹಿಂದೀ ಚಲನಚಿತ್ರಗಳ ಅಪಹರಣಕಾರರಿಗೆ ನಿಷ್ಠೆಯಿಂದ ಸೇವೆ ಸಲ್ಲಿಸಿದ ಆ 796 ಸಿಸಿಯ ಪುಟ್ಟ ಪೆಟ್ಟಿಗೆಯೂ, 2010ರಲ್ಲಿ ಬಂದ ಅದೇ ಕಂಪನಿಯ ಈಕೋವೂ ಮಹಾರಾಷ್ಟ್ರ-ಕರ್ನಾಟಕಗಳ ಈ ಗಡಿನಾಡಿನ ಬಾಳಿಗೆ ಹೇಳಿ ಮಾಡಿಸಿದಂಥವು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ನಡುಹಗಲು ತೊಗರಿ ಚೀಲಗಳನ್ನು ಅಡತಿ ಅಂಗಡಿಗೆ ಮುಟ್ಟಿಸಿ, ಗುರುವಾರ ಹುಣ್ಣಿಮೆಗಳಂದು ಪುಣೆ ಮುಂಬಯಿಗಳಿಂದ ಸೊಲ್ಲಾಪುರದಲ್ಲಿ ಇಳಿಯುವ ಭಕ್ತರನ್ನು ಅಕ್ಕಲಕೋಟೆ, ಗಾಣಗಾಪುರ, ತುಳಜಾಪುರಗಳಿಗೆ ತಿರುಗಿಸಿ ತರುವ ವಾಹನ ಬೇರೆ ಯಾವುದಿದೆ? ಸೊಲ್ಲಾಪುರದ ಎಂಎಚ್ 13ರ ಫಲಕದ ವ್ಯಾನು ಕರ್ನಾಟಕದ ಗಾಣಗಾಪುರದಲ್ಲಿಯೂ, ಅತ್ತಣ ಕೆಎ 32ರ ಫಲಕದ್ದು ದುಧನಿಯ ಪೇಟೆಯಲ್ಲಿಯೂ ನಿಂತಿರುವುದು ಅಲ್ಲಿಯವರಿಗೆ ನಿತ್ಯದ ನೋಟ; ರಾಜ್ಯಗಳ ಗಡಿಯು ನಕಾಶೆಯಲ್ಲಿ ಎಷ್ಟು ದಪ್ಪವಾಗಿದ್ದರೂ ನಂಟಸ್ತನಕ್ಕೆ ಅದು ಅಡ್ಡಬಂದಿಲ್ಲ.

ಇಂತಹ ಸರ್ವೋಪಯೋಗಿಯಾದ ವಾಹನಕ್ಕೆ ಹಿಂದೊಂದು ಹುಕ್ ಇದ್ದರೆ, ಔಷಧ ಸಿಂಪಡಿಸುವ ಟ್ಯಾಂಕನ್ನೋ, ಜನರೇಟರನ್ನೋ, ಮದುವೆಯ ಪಾತ್ರೆಗಳನ್ನೋ ಪುಟ್ಟ ಟ್ರಾಲಿಯಲ್ಲಿ ಎಳೆದೊಯ್ಯಬಹುದಲ್ಲ ಎಂಬ ಆಸೆ ಮೂಡುವುದು ಸಹಜ. ಟ್ರ್ಯಾಕ್ಟರಿಗೆ ಕೊಂಡಿ ಹಾಕಿ ಪಳಗಿದ ಕೈ ವ್ಯಾನಿಗೆ ಹಾಕಲಾರದೆ ಎಂಬ ಪ್ರಶ್ನೆಯೂ ಸಹಜವೇ. ಆದರೆ ಇವೆರಡರ ಅಸ್ಥಿಪಂಜರವೇ ಬೇರೆ. ಟ್ರ್ಯಾಕ್ಟರಿನ ಬೆನ್ನು ಎರಕದ ಗಟ್ಟಿ ಕಬ್ಬಿಣ; ವ್ಯಾನಿನ ತಳ ತೆಳುವಾದ ತಗಡನ್ನು ಮಡಚಿ, ಅಡ್ಡಪಟ್ಟಿಗಳನ್ನು ಕೊಟ್ಟು ಬೆಸೆದ ಗೂಡು. ಆ ತಗಡಿಗೆ ದಪ್ಪ ತಟ್ಟೆಯನ್ನು ನೇರವಾಗಿ ಬೆಸೆದರೆ, ಬೆಸುಗೆ ನಿಂತರೂ ಅದರ ಸುತ್ತಲಿನ ತಗಡು ಸುಟ್ಟು ಸೊರಗಿ, ತುಕ್ಕಿಗೆ ಆಹ್ವಾನವಿತ್ತು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದದಂತೆ ಹರಿಯತೊಡಗುತ್ತದೆ.

ಭಾರದ ಲೆಕ್ಕವನ್ನೂ ನೋಡೋಣ. ಈಕೋವಿನ ಮುಂದಿನ ಅಚ್ಚಿಗೂ ಹಿಂದಿನದಕ್ಕೂ ನಡುವಣ ದೂರ 2350 ಮಿ.ಮೀ. ಕೊಂಡಿಯು ಹಿಂದಿನ ಅಚ್ಚಿನಿಂದ 800 ಮಿ.ಮೀ. ಆಚೆ ಇದೆಯೆಂದೂ, ಟ್ರಾಲಿಯು ಅದರ ಮೇಲೆ 50 ಕಿಲೋ ಭಾರವನ್ನು ಇಳಿಸಿದೆಯೆಂದೂ ಇಟ್ಟುಕೊಂಡರೆ, ಹಿಂದಿನ ಗಾಲಿಗಳ ಮೇಲೆ ಹೆಚ್ಚುವುದು 50 ಅಲ್ಲ, 67 ಕಿಲೋ. ಆ 17 ಕಿಲೋ ಮುಂದಿನ ಗಾಲಿಗಳಿಂದ ಕಳೆದುದು. ಅಂಕಿ ಚಿಕ್ಕದೆನ್ನಿಸಬಹುದು. ಆದರೆ ಏಳು ಜನ ಕುಳಿತು, ಹಿಂದೆ ಗಂಟುಮೂಟೆಗಳನ್ನು ತುಂಬಿದ, 13 ಇಂಚಿನ ಪುಟ್ಟ ಗಾಲಿಗಳ ವಾಹನಕ್ಕೆ ಅದು ಚಿಕ್ಕದಲ್ಲ. ಸ್ಟಿಯರಿಂಗ್ ಹಗುರಾಯಿತೆಂದು ಚಾಲಕನು ಹಿಗ್ಗುವ ಹೊತ್ತಿಗೆ ರಸ್ತೆಯ ಮೇಲಿನ ಹಿಡಿತ ಸಡಿಲವಾಗಿರುತ್ತದೆ. ಇದರ ಮೇಲೆ ಬ್ರೇಕಿಲ್ಲದ ಟ್ರಾಲಿ ಹಿಂದಿನಿಂದ ದೂಡುವುದು ಬೇರೆ.

ಆದರೂ ಮಾಡಲೇಬೇಕೆನ್ನುವವರಿಗೆ ಬಲ್ಲವರು ಹೇಳುವ ಕ್ರಮವಿಷ್ಟು: ಕೊಂಡಿಯನ್ನು ಬೆಸೆಯಬಾರದು, ಬೋಲ್ಟಿನಿಂದ ಬಿಗಿಯಬೇಕು, ಬಂಪರಿಗಲ್ಲ, ಅದರ ಹಿಂದೆ ಉದ್ದಕ್ಕೆ ಹರಿದಿರುವ ಎರಡು ಚಾನಲ್ಲುಗಳಿಗೆ, ತಗಡು ಕುಸಿಯದಂತೆ ಒಳಬದಿಗೆ ಅಗಲವಾದ ತಟ್ಟೆಗಳನ್ನೂ, ಚಾನಲ್ಲಿನ ಪೊಳ್ಳು ಜಜ್ಜಿಹೋಗದಂತೆ ಅದರೊಳಗೆ ಕೊಳವೆಯ ತುಂಡುಗಳನ್ನೂ ಕೊಡಬೇಕು, 8.8ರ ದರ್ಜೆಗಿಂತ ಕಡಿಮೆಯಾದ ಬೋಲ್ಟು ಕೂಡದು. ಎಲ್ಲಿಯಾದರೂ ವೆಲ್ಡಿಂಗ್ ಅನಿವಾರ್ಯವಾದರೆ ಬಿಡಿಭಾಗವನ್ನು ಹೊರಗೇ ಬೆಸೆದು ತರುವುದು ಉತ್ತಮ. ವಾಹನದ ಮೇಲೆಯೇ ಬೆಸೆಯುವುದಾದರೆ ಬ್ಯಾಟರಿಯ ತಂತಿಯನ್ನು ಮೊದಲು ಕಳಚಬೇಕು, ಪೆಟ್ರೋಲಿನ ಕೊಳವೆ ಮತ್ತು ಸಿಎನ್‌ಜಿ ಸಿಲಿಂಡರು ಎಲ್ಲಿವೆಯೆಂದು ಕಣ್ಣಾರೆ ಕಂಡುಕೊಳ್ಳಬೇಕು. ಪರದೇಶದಿಂದ ತರಿಸಿದ ಗುಂಡು ಕೊಂಡಿಯಾದರೆ ಇನ್ನೊಂದು ಎಚ್ಚರ: ಯುರೋಪಿನ ಗುಂಡು 50 ಮಿ.ಮೀ., ಅಮೆರಿಕದ ಎರಡು ಇಂಚಿನದು 50.8. ಈ ಒಂದು ಮಿಲಿಮೀಟರಿಗೂ ಕಡಿಮೆಯಾದ ಅಂತರ ಕಣ್ಣಿಗೆ ಕಾಣದು. ಯುರೋಪಿನ ಟೋಪಿಯನ್ನು ಅಮೆರಿಕದ ತಲೆಗೆ ಬಡಿದು ಕೂರಿಸಿದರೆ ಅದು ಸರಿಯಾಗಿ ಮುಚ್ಚಿಕೊಳ್ಳುವುದೂ ಇಲ್ಲ.

ಕಾಯಿದೆಯ ಮಾತು ಇದಕ್ಕಿಂತ ಕಠಿನವಾದುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲಿಕನಿಗೆ ಅಧಿಕಾರವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ಕಾಯಿದೆಯ ವ್ಯಾಖ್ಯೆಯಲ್ಲಿ ಟ್ರಾಲಿಯೂ ಮೋಟಾರು ವಾಹನವೇ ಆದುದರಿಂದ ಅದಕ್ಕೂ ನೋಂದಣಿ ಬೇಕು. ಅಂಗಡಿಯವನು ಬೆಸೆದುಕೊಟ್ಟ ಮಾತ್ರಕ್ಕೆ ಅದು ಶಾಸನಸಮ್ಮತವಾಗಲಿಲ್ಲ. ಅಪಘಾತವಾದ ಮೇಲೆ ವಿಮೆಯವರು ಮೊದಲು ಹುಡುಕುವುದು ಇಂತಹ ಲೋಪವನ್ನೇ.

ಇನ್ನು ವ್ಯಾನಿನ ನಿತ್ಯದ ಬಾಳುವೆ. ಎಂಜಿನ್ನು ಮುಂದಿನ ಆಸನಗಳ ಕೆಳಗೇ ಇರುವುದರಿಂದ ಸೊಲ್ಲಾಪುರದ ವೈಶಾಖದಲ್ಲಿ ಚಾಲಕನಿಗೆ ಮೇಲಿನ ಬಿಸಿಲೂ ಕೆಳಗಿನ ಕಾವೂ ಏಕಕಾಲಕ್ಕೆ ಪ್ರಾಪ್ತವಾಗುತ್ತವೆ. ಆದುದರಿಂದ ಕೂಲಂಟಿನ ಬದಲು ನೀರನ್ನು ತುಂಬಿಸಿ ದಿನ ದೂಡುವ ಪದ್ಧತಿ ಈ ವಾಹನಕ್ಕೆ ಸಲ್ಲದು. ಜಾರುಬಾಗಿಲಿನ ಕಾಲುವೆಯಲ್ಲಿ ಎರೆಮಣ್ಣಿನ ಧೂಳು ಸೇರಿದರೆ ಉರುಳೆ ಸವೆದು ಬಾಗಿಲು ಜೋಲುತ್ತದೆ. ಅದಕ್ಕೆ ಗ್ರೀಸು ಮೆತ್ತುವುದು ಧೂಳಿಗೆ ಅಂಟು ಕೊಟ್ಟಂತೆ, ಬ್ರಷ್ಷಿನಿಂದ ಉಜ್ಜಿ ಒರೆಸಿ ತೆಳುವಾಗಿ ಎಣ್ಣೆ ಕೊಟ್ಟರೆ ಸಾಕು. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದು ಬಂದ ದಿನ ಗಾಲಿಯ ಮೇಲ್ಭಾಗದಲ್ಲಿ ಮೆತ್ತಿದ ಮಣ್ಣನ್ನು ಒಣಗುವ ಮೊದಲೇ ತೊಳೆಯಬೇಕು. ಓಮ್ನಿಯ ಹಿಂಬದಿ ಪಟ್ಟೆ ಸ್ಪ್ರಿಂಗಿನದು, ಈಕೋವಿನದು ಸುರುಳಿಯದು; ಹೇರಿನ ಆಸೆಗೆ ಸ್ಪ್ರಿಂಗನ್ನು ಗಟ್ಟಿ ಮಾಡಿಸಿದರೆ ಬ್ರೇಕೇನೂ ಗಟ್ಟಿಯಾಗುವುದಿಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗಿಲ್ಲದ ಈಕೋ ಒಂದು ನಕ್ಷತ್ರವನ್ನೂ ಪಡೆಯಲಿಲ್ಲವೆಂಬುದನ್ನು, ಹಳೆಯ ಗಾಡಿಯನ್ನು ಕೊಳ್ಳುವವರು ನೆನಪಿನಲ್ಲಿಟ್ಟುಕೊಂಡು, ವೇಗಕ್ಕೆ ತಾವೇ ಮಿತಿ ಹಾಕಿಕೊಳ್ಳುವುದು ಲೇಸು. ಬಿಳಿಯ ಫಲಕದ ವ್ಯಾನಿನಲ್ಲಿ ಬಾಡಿಗೆಗೆ ಮಕ್ಕಳನ್ನಾಗಲಿ ಯಾತ್ರಿಕರನ್ನಾಗಲಿ ಒಯ್ಯುವುದು ಕಾಯಿದೆಗೆ ವಿರುದ್ಧ. ಹಳದಿಯ ಫಲಕದ್ದು ಗಡಿ ದಾಟುವುದಾದರೆ ಪರವಾನಗಿ ಮತ್ತು ತೆರಿಗೆಯ ಕಾಗದ ಜೊತೆಗಿರಬೇಕು.

ಹಾಗಾದರೆ ವ್ಯಾನಿಗೆ ಕೊಂಡಿ ಬೇಕೇ ಎಂದು ಕೇಳುವವರಿಗೆ, ಈ ಸೀಮೆಯ ಮಿಸ್ತ್ರಿಗಳ ಕೈಗುಣವನ್ನು ಮೆಚ್ಚಿಕೊಂಡೇ, ಬೇಡವೆಂದು ಹೇಳುತ್ತೇನೆ. ಒಳಗೆ ಹಿಡಿಯುವಷ್ಟನ್ನು ವ್ಯಾನು ಹೊರಲಿ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೀಳುವ ಹೆಚ್ಚಿನ ಭಾರಕ್ಕೆ, 2005ರಲ್ಲಿ ಬಂದು, ಇಂದು ಊರೂರಿನ ಪೇಟೆಯಲ್ಲಿಯೂ ಬಾಡಿಗೆಗೆ ನಿಂತಿರುವ, ಚೋಟಾ ಹಾಥಿ ಎಂದು ಜನ ಕರೆಯುವ ಪುಟ್ಟ ಸರಕು ಗಾಡಿಯೇ ಸಾಕು. ಟ್ರ್ಯಾಕ್ಟರಿನ ಟ್ರಾಲಿಯುಳ್ಳವರು ಮಾತ್ರ ಕಾರ್ಖಾನೆಯ ಗಾಣ ತಿರುಗುವ ಮುನ್ನ ಒಮ್ಮೆ ಅಂಗಡಿಗೆ ಹೋಗಿ ಪಿನ್ನನ್ನು ಹೊರತೆಗೆಸಿ ನೋಡಲಿ. ಹಿಂದಿನ ಟ್ರಾಲಿಗೆ ರಾತ್ರಿ ಮಿನುಗುವ ಕೆಂಪು ಪಟ್ಟಿಯನ್ನೂ ಅಂದೇ ಅಂಟಿಸಿಕೊಳ್ಳಲಿ.